ನಾಗಪ್ಪನವರು ಗಡಿ ದಾಟಿದ ಸಂಗತಿ

ಶಿವಮೊಗ್ಗ: ಹೊರಡುವ ಮೊದಲು

ನಮ್ಮನ್ನು ಆಸ್ಟ್ರಿಯ ದೇಶಕ್ಕೆ ಕಳಿಸುವುದು ಖಾಯಂ ಆದ ಮೇಲೆ ನಾವಿಬ್ಬರೂ ಮೊದಲು ಹೋದದ್ದು ದರ್ಜಿಯ ಅಂಗಡಿಗೆ, ಆಮೇಲೆ ರಾಯರ ಮನೆಗೆ. ದರ್ಜಿಯ ಹತ್ತಿರ ಉಣ್ಣೆಯ ಕೋಟು ಹೊಲಿಸುವುದಿತ್ತು. ರಾಯರ ಹತ್ತಿರ ಏನು ಕೆಲಸವಿತ್ತೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಾವಿಬ್ಬರು ಎಂದರೆ ನಾನು ಮತ್ತು ನಾಗಪ್ಪನವರು. ನಾನು ಶಿವಮೊಗ್ಗದವನು, ಭದ್ರಾವತಿಯ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ. ನಾಗಪ್ಪನವರು ಅಲ್ಲೇ ಉಕ್ಕಿನ ಕುಲುಮೆಯ ಫೋರ್‌ಮನ್. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು, ದನಿಯಲ್ಲಿ ಇಡೀ ಕಾರ್ಖಾನೆಗೇ ದೊಡ್ಡವರು. ಕುಲುಮೆಯ ಸದ್ದಿನಲ್ಲಿ ಮಾತಾಡಿ ಮಾತಾಡಿ, ಮನೆಯಲ್ಲಿ ಉಪ್ಪಿನಕಾಯಿ ಬೇಕೆಂದರೂ ಪಕ್ಕದ ಕ್ವಾರ್ಟರ್ಸಿನವರು ತಂದುಕೊಡುವಷ್ಟು ಗಟ್ಟಿಯಾಗಿ ಕೇಳುತ್ತಿದ್ದರು. ಹೊಸ ಉಕ್ಕಿನ ಕೆಲಸ ಕಲಿತು ಬರಲಿ ಎಂದು ಅವರನ್ನೂ, ಯಂತ್ರಗಳ ನಕ್ಷೆ ಅರ್ಥ ಮಾಡಿಕೊಂಡು ಬರಲಿ ಎಂದು ನನ್ನನ್ನೂ ಜೋಡಿ ಮಾಡಿದ್ದರು.

ರಾಯರು ನಿವೃತ್ತ ವಕೀಲರು. ಕಕ್ಷಿದಾರರು ಬರುವುದು ನಿಂತ ಮೇಲೆ ಹೊತ್ತು ಹೋಗದೆ, ನಾಲ್ಕಾರು ಜನರನ್ನು ಕೂಡಿಸಿಕೊಂಡು ಜಿಲ್ಲಾ ವಿಶ್ವಕೋಶವೊಂದನ್ನು ಬರೆಯಲು ಹೊರಟಿದ್ದರು. ವಿಶ್ವಕೋಶ ಎಂದರೂ ಅವರ ವಿಶ್ವ ತುಂಗೆಯ ಸೇತುವೆಯಿಂದಾಚೆ ಹೆಚ್ಚು ದೂರ ಹೋಗುತ್ತಿರಲಿಲ್ಲ. ಆದರೆ ಕಟ್ಟುನಿಟ್ಟು ಬಹಳ. ಯಾವುದಕ್ಕೆ ಜಾಗ, ಯಾವುದಕ್ಕಿಲ್ಲ ಎಂದು ಪ್ರತಿ ಭಾನುವಾರ ರಾಯರ ಜಗಲಿಯಲ್ಲಿ ವಾದ ನಡೆಯುತ್ತಿತ್ತು. ರಾಯರ ತಾತ ಒಮ್ಮೆ ದಿವಾನರ ಸಾರೋಟಿಗೆ ದಾರಿ ತೋರಿಸಿದ್ದಕ್ಕೆ ಅರ್ಧ ಪುಟ ಸಿಕ್ಕಿತ್ತು. ದಾರಿ ತಪ್ಪಿತಂತೆ, ಅದು ಬೇರೆ ಮಾತು.

ನಾಗಪ್ಪನವರಿಗೆ ಈ ಪುಸ್ತಕದಲ್ಲಿ ಬೇಕಾಗಿದ್ದುದು ಒಂದೇ ಒಂದು. ಅವರ ಊರು ಬಿಳಿಮತ್ತೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋಗಿತ್ತು. ಮನೆಗಳ ಹೆಂಚು, ತೊಲೆ, ಬಾಗಿಲು ಎಲ್ಲ ಬಿಚ್ಚಿಕೊಂಡು ಜನ ದಿಕ್ಕಿಗೊಬ್ಬರಾದರು. ಗುಡಿಯ ಉತ್ಸವಮೂರ್ತಿಯನ್ನು ಎತ್ತಿಕೊಂಡು ಬಂದರು. ಕಲ್ಲಿನ ಈಶ್ವರ ಮಾತ್ರ ಯಾರ ಕೈಗೂ ಅಲುಗಲಿಲ್ಲ, ಅಲ್ಲೇ ಉಳಿದ. ಆ ಊರಿನ ಹೆಸರು ಪುಸ್ತಕದಲ್ಲಿ ಬರಬೇಕೆಂದು ಕೇಳಲು ನಾಗಪ್ಪನವರು ನನ್ನನ್ನು ಎಳೆದುಕೊಂಡು ಹೋಗಿದ್ದರು.

"ನಾಗಪ್ಪ, ಇರೋ ಊರುಗಳಿಗೇ ಜಾಗ ಸಾಲ್ತಾ ಇಲ್ಲ," ಎಂದರು ರಾಯರು. "ಇಲ್ಲದ ಊರನ್ನ ಎಲ್ಲಿ ಹಾಕ್ಲಿ? ಎಷ್ಟು ಜನ ಇದಾರೆ ಅಂತ ಬರೀಲಿ? ಬೆಳೆ ಏನು ಅಂತ ಬರೀಲಿ? ಮೀನು ಅಂತ ಬರೀಲಾ?"

ಜಗಲಿಯಲ್ಲಿದ್ದವರು ನಕ್ಕರು. ನಾಗಪ್ಪನವರು ನಗಲಿಲ್ಲ. ನನಗೆ ರೇಗಿತು, ಆದರೆ ಕೈಯಲ್ಲಿ ಅವರ ಮನೆಯದೇ ಕಾಫಿ ಲೋಟ ಇದ್ದುದರಿಂದ ಸುಮ್ಮನಿದ್ದೆ.

ಜಿನೋವಾ

ಹಡಗಿನ ಪ್ರಯಾಣವನ್ನು ವರ್ಣಿಸುವುದಿಲ್ಲ. ಸಮುದ್ರ ನೀಲಿಯಾಗಿತ್ತು, ನಾನು ಹಳದಿಯಾಗಿದ್ದೆ. ನಾಗಪ್ಪನವರಿಗೆ ಏನೂ ಆಗಲಿಲ್ಲ. ಅವರು ಊಟದ ಮನೆಯ ಇಟಲಿಯ ಹುಡುಗರೊಂದಿಗೆ ಅಪ್ಪಟ ಕನ್ನಡದಲ್ಲಿ ಮಾತಾಡುತ್ತ, ಅರ್ಥವಾಗದಿದ್ದರೆ ಇನ್ನಷ್ಟು ಗಟ್ಟಿಯಾಗಿ ಹೇಳುತ್ತ, ಮೊಸರು ಸಂಪಾದಿಸಿಕೊಳ್ಳುತ್ತಿದ್ದರು. ಇಂಗ್ಲಿಷಿನಲ್ಲಿ ವ್ಯಾಕರಣಶುದ್ಧವಾಗಿ ಕೇಳಿದ ನನಗೆ ಹಾಲು ಬಂತು.

ಇಟಲಿಯ ಜಿನೋವಾ ಬಂದರಿನಲ್ಲಿ ಇಳಿದಾಗ ಸುಂಕದವನೊಬ್ಬ ನಾಗಪ್ಪನವರ ಟ್ರಂಕು ತೆಗೆಸಿದ. ಚಟ್ನಿಪುಡಿಯ ಡಬ್ಬಿಯನ್ನು ಮೂಸಿ ಸೀನಿದ. ವಿಭೂತಿಯ ಗಂಟನ್ನು ಬಿಚ್ಚಿ, ಬಿಳಿಯ ಪುಡಿಯನ್ನು ಕಂಡು, ಕಣ್ಣು ಕಿರಿದು ಮಾಡಿ, ಮೇಲಿನವನನ್ನು ಕರೆಸಿದ. ಅವನು ಬೆರಳಿಗೆ ಹಚ್ಚಿಕೊಂಡು ನಾಲಿಗೆಗೆ ಇಟ್ಟ. ನಾಗಪ್ಪನವರಿಗೆ ತಡೆಯಲಾಗಲಿಲ್ಲ.

"ಅದು ತಿನ್ನೋದಲ್ಲ ಮಾರಾಯ, ಹಚ್ಚೋದು! ಹೀಗೆ!" ಎಂದು ಕೂಗಿ ಅವನ ಹಣೆಗೇ ಮೂರು ಬೆರಳು ಎಳೆದುಬಿಟ್ಟರು.

ಇನ್ನು ನಮ್ಮ ಕಥೆ ಮುಗಿಯಿತು ಎಂದುಕೊಂಡೆ. ಆದರೆ ಅಧಿಕಾರಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಟ್ರಂಕು ಮುಚ್ಚಿಸಿದ. ಅವರಲ್ಲೂ ವರ್ಷಕ್ಕೊಂದು ದಿನ ಹಣೆಗೆ ಬೂದಿ ಹಚ್ಚುವ ಪದ್ಧತಿ ಇದೆಯೆಂದು ನನಗೆ ಆಮೇಲೆ ತಿಳಿಯಿತು. ನಾಗಪ್ಪನವರಿಗೆ ಅದನ್ನು ಹೇಳಬಾರದಿತ್ತು. ಯುರೋಪಿನವರೂ ಒಳಗೊಳಗೆ ನಮ್ಮವರೇ ಎಂದು ಅವರು ಅಂದಿನಿಂದ ತೀರ್ಮಾನಿಸಿದರು.

ಆಸ್ಟ್ರಿಯ: ಕಾರ್ಖಾನೆಯ ಊರು

ನಾವಿದ್ದ ಊರಿನ ಜನ ಬಹಳ ಮರ್ಯಾದಸ್ಥರು. ರೊಟ್ಟಿಯ ಅಂಗಡಿಗೆ ಹೊಕ್ಕರೆ ಅಲ್ಲಿದ್ದವರಿಗೆಲ್ಲ ನಮಸ್ಕಾರ ಹೇಳಬೇಕು, ಹೊರಡುವಾಗ ಮತ್ತೆ ಹೇಳಬೇಕು. ನಮ್ಮಲ್ಲಿ ಬೀಗರ ಮನೆಯಲ್ಲೂ ಇಷ್ಟು ಉಪಚಾರವಿಲ್ಲ. ಆದರೆ ಇಷ್ಟೆಲ್ಲ ನಮಸ್ಕಾರದ ನಂತರ ಯಾರೂ ಒಂದು ಮಾತು ಕೇಳುವುದಿಲ್ಲ. ಎಲ್ಲಿಂದ ಬಂದಿರಿ, ಮಕ್ಕಳೆಷ್ಟು, ಸಂಬಳವೆಷ್ಟು, ಏನೂ ಇಲ್ಲ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗುವಾಗ ಮಾಚೇನಹಳ್ಳಿ ಬರುವಷ್ಟರಲ್ಲಿ ಪಕ್ಕದವನಿಗೆ ನಮ್ಮ ಜಾತಕ ಬಾಯಿಪಾಠ ಆಗಿರುತ್ತದೆ. ಇಲ್ಲಿ ಎದುರುಮನೆಯವನ ಹೆಸರು ಕೂಡ ನಮಗೆ ಕೊನೆಯವರೆಗೂ ತಿಳಿಯಲಿಲ್ಲ.

ನಮಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ವಿಧವೆ ಅಜ್ಜಿಗೆ ನಾಗಪ್ಪನವರ ಸೋಮವಾರ ದೊಡ್ಡ ಚಿಂತೆಯಾಯಿತು. ಸೋಮವಾರ ಲಿಂಗಕ್ಕೆ ನೀರೆರೆದು ಪ್ರದಕ್ಷಿಣೆ ಹಾಕದೆ ಅವರು ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಭದ್ರಾವತಿಯಲ್ಲಿ ಇದಕ್ಕೆ ತೊಂದರೆ ಇರಲಿಲ್ಲ. ಇಲ್ಲಿ ಲಿಂಗವನ್ನು ಎಲ್ಲಿಂದ ತರುವುದು? ಬೆಳಗ್ಗೆಯಿಂದ ಹಸಿದುಕೊಂಡಿದ್ದು, ಸಂಜೆ ದೀಪ ಹಚ್ಚಿದ ಮೇಲೆ ಮನಸ್ಸಿನಲ್ಲೇ ಪೂಜೆ ಮಾಡಿ ಉಣ್ಣುತ್ತಿದ್ದರು. ಅಜ್ಜಿ ತನ್ನ ಅಡುಗೆಯೇ ಸರಿಯಿಲ್ಲವೆಂದು ತಿಳಿದು ಸೋಮವಾರಕ್ಕೊಂದು ಹೊಸ ಬಗೆಯ ಆಲೂಗೆಡ್ಡೆ ಮಾಡತೊಡಗಿದಳು. ಅವುಗಳನ್ನು ಸೋಮವಾರದ ಮಧ್ಯಾಹ್ನಗಳಲ್ಲಿ ತಿಂದು ಮುಗಿಸಿದವನು ನಾನು.

"ಮನಸ್ಸಿನಲ್ಲಿ ಮಾಡಿದ್ರೆ ಸಾಕಾಗಲ್ವ?" ಎಂದು ಒಮ್ಮೆ ಕೇಳಿದೆ.

"ಮನಸ್ಸಿನಲ್ಲಿ ಊಟ ಮಾಡು ನೋಡೋಣ," ಎಂದರು.

ಗಡಿಕಲ್ಲು

ಬೇಸಿಗೆಯಲ್ಲಿ ಅಲ್ಲಿಯವರಿಗೆ ಒಂದು ಹಬ್ಬದ ರಜೆ ಸೋಮವಾರ ಬಂತು. ಕಾರ್ಖಾನೆಯವರು ಎಲ್ಲರನ್ನೂ ಬಸ್ಸಿನಲ್ಲಿ ತುಂಬಿ ಬೆಟ್ಟಕ್ಕೆ ಕರೆದೊಯ್ದರು. ಅಲ್ಲಿ ಊಟಕ್ಕೆ ಹಾಸಿದ ಮೇಜಿನ ಮೇಲಿನ ಮಾಂಸದ ರಾಶಿಯನ್ನು ಕಂಡು ನಾಗಪ್ಪನವರು ನನ್ನ ತೋಳು ಹಿಡಿದು ಹುಲ್ಲುಗಾವಲಿನ ಕಡೆ ನಡೆದರು. ಗುಡ್ಡ ಹತ್ತಿ ಆ ಕಡೆಯ ಬಯಲಿಗೆ ಬಂದಾಗ, ಹುಲ್ಲಿನ ನಡುವೆ ಕಂಡಿತು ಒಂದು ಕಲ್ಲು.

ಮೊಣಕಾಲೆತ್ತರದ ಕರಿಯ ಕಲ್ಲು. ಮೇಲ್ಭಾಗ ಗುಂಡಗೆ, ಬುಡದಲ್ಲಿ ಚೌಕ. ನೆತ್ತಿಯ ಮೇಲೆ ಒಂದು ಗೀರು ಕೊರೆದಿತ್ತು. ನಾಗಪ್ಪನವರು ನಿಂತಲ್ಲೇ ನಿಂತುಬಿಟ್ಟರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ನಮ್ಮೂರ ಈಶ್ವರ ಇಷ್ಟೇ ಎತ್ತರ ಇದ್ದ ಮಾರಾಯ," ಎಂದರು.

ನಾನು ನಕ್ಷೆ ಬರೆಯುವವನು. ಕಲ್ಲಿನ ಎರಡು ಮೈಯಲ್ಲೂ ಕೆತ್ತಿದ ಅಕ್ಷರಗಳನ್ನು ನೋಡಿದರೆ ಅದೇನೆಂದು ಹೊಳೆಯಬೇಕಿತ್ತು. ಹೊಳೆಯಿತು ಕೂಡ. ಆದರೆ ಅಷ್ಟರಲ್ಲಿ ನಾಗಪ್ಪನವರು ಬೂಟು, ಕಾಲುಚೀಲ ಕಳಚಿ, ಆ ಕೊರೆಯುವ ಚಳಿಯ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು, ಫ್ಲಾಸ್ಕಿನ ನೀರನ್ನು ಕಲ್ಲಿನ ಮೇಲೆ ಎರೆಯುತ್ತಿದ್ದರು. ಜೇಬಿನ ಗಂಟು ಬಿಚ್ಚಿ, ಮೂರು ಬೆರಳಿನಿಂದ ವಿಭೂತಿಯನ್ನು ಧಾರಾಳವಾಗಿ ಬಳಿದರು. ಅಕ್ಷರಗಳೆಲ್ಲ ಮುಚ್ಚಿಹೋದವು. ಹಳದಿಯ ಕಾಡುಹೂ ಕಿತ್ತು ಏರಿಸಿದರು. ಅವರ ಕಣ್ಣಲ್ಲಿ ನೀರಿತ್ತು. ಇದು ಎರಡು ದೇಶಗಳ ಗಡಿಕಲ್ಲು ಎಂದು ಆಗ ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಆಮೇಲೆ ಪ್ರದಕ್ಷಿಣೆ. ಓದುಗರಲ್ಲಿ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಈಶ್ವರನಿಗೆ ಪೂರ್ತಿ ಸುತ್ತು ಹಾಕುವಂತಿಲ್ಲ. ಅಭಿಷೇಕದ ನೀರು ಹರಿದುಹೋಗುವ ಜಾಗಕ್ಕೆ ಸೋಮಸೂತ್ರ ಎನ್ನುತ್ತಾರೆ, ಅದನ್ನು ತುಳಿದು ದಾಟಬಾರದು. ಅಲ್ಲಿಯವರೆಗೆ ಹೋಗಿ, ನಿಂತು, ಬಂದ ದಾರಿಯಲ್ಲೇ ಹಿಂದಿರುಗಬೇಕು. ಈ ಕಲ್ಲಿನ ತೊಡಕೇನೆಂದರೆ ನೆತ್ತಿಯ ಗೀರು ಆ ಅಂಚಿನಿಂದ ಈ ಅಂಚಿನವರೆಗೂ ಇತ್ತು. ಗಡಿ ಯಾವ ದಿಕ್ಕಿಗೆ ಹೋಗುತ್ತದೆಂದು ತೋರಿಸಲು ಅದನ್ನು ಕೊರೆದಿದ್ದರು. ಎರೆದ ನೀರು ಎರಡು ಕಡೆಗೂ ಇಳಿದಿತ್ತು.

"ಎರಡು ಸೋಮಸೂತ್ರ ಇಟ್ಟಿದಾರಲ್ಲ!" ಎಂದು ನಾಗಪ್ಪನವರು ಬೆರಗಾದರು. "ಇರ್ಲಿ. ಅವರವರ ದೇಶದ ಪದ್ಧತಿ."

ಹೀಗೆಂದು, ಒಂದು ಕಡೆಯ ಗೀರಿನವರೆಗೆ ಹೋಗಿ ಗಕ್ಕನೆ ನಿಂತರು. ತಿರುಗಿ ಅರ್ಧ ಸುತ್ತು ಬಂದು ಇನ್ನೊಂದು ಕಡೆಯ ಗೀರಿನಲ್ಲಿ ಗಕ್ಕನೆ ನಿಂತರು. ಮತ್ತೆ ತಿರುಗಿದರು. ಮೂರು ಪ್ರದಕ್ಷಿಣೆ ಮುಗಿಯುವವರೆಗೂ ಅವರ ಹೆಬ್ಬೆರಳು ಆಸ್ಟ್ರಿಯದಿಂದ ಒಂದು ಕೂದಲಿನಷ್ಟೂ ಆಚೆ ಹೋಗಲಿಲ್ಲ. ಗಡಿಗೆ ಅಷ್ಟು ಮರ್ಯಾದೆ ಕೊಟ್ಟವರು ಯುರೋಪಿನ ಚರಿತ್ರೆಯಲ್ಲಿ ಹೆಚ್ಚು ಜನ ಇರಲಾರರು.

ಆಚೆ ಕಡೆ ಒಂದು ಮರದ ಗುಡಿಸಲು. ಅದರ ಮುಂದೆ ಜರ್ಮನಿಯ ಗಡಿ ಕಾವಲುಗಾರನೊಬ್ಬ ಬೆಂಚಿನ ಮೇಲೆ ಕೂತು ಸೇಬು ತಿನ್ನುತ್ತಿದ್ದ. ಕೋಟು ಹಾಕಿದ, ಬರಿಗಾಲಿನ, ಕರಿಯ ಮನುಷ್ಯನೊಬ್ಬ ಗಡಿಯವರೆಗೆ ಬರುವುದು, ನಿಲ್ಲುವುದು, ಬೆನ್ನು ತಿರುಗಿಸುವುದು! ಅವನು ಸೇಬು ಕೆಳಗಿಟ್ಟ. ಬಂದ. ಏನು ಎತ್ತ ಎಂದು ಕೇಳುತ್ತ, ನೋಡದೆ ಗಡಿ ದಾಟಿಯೇಬಿಟ್ಟ.

ಗುಡಿಗೆ ಬಂದವನನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ನಾಗಪ್ಪನವರು ಅವನ ಕೈಗೊಂದು ಹೂ ಕೊಟ್ಟು, ಟೊಪ್ಪಿಗೆ ಹಿಂದಕ್ಕೆ ಸರಿಸಿ, ಹಣೆಗೆ ಅಚ್ಚುಕಟ್ಟಾಗಿ ವಿಭೂತಿ ಇಟ್ಟರು. ಅದೇ ಹೊತ್ತಿಗೆ ಈ ಕಡೆಯಿಂದ ಆಸ್ಟ್ರಿಯದ ಕಾವಲುಗಾರ ಏದುಸಿರು ಬಿಡುತ್ತ ಮೇಲೆ ಬಂದ. ಅವನಿಗೆ ಕಂಡದ್ದು ಇಷ್ಟು: ತನ್ನ ದೇಶದ ನೆಲದ ಮೇಲೆ ಪರದೇಶದ ಸಿಪಾಯಿ, ಸಿಪಾಯಿಯ ಹಣೆಯ ಮೇಲೆ ಮೂರು ಬಿಳಿ ಗೆರೆ, ಗಡಿಕಲ್ಲಿನ ಮೇಲೂ ಅದೇ ಮೂರು ಬಿಳಿ ಗೆರೆ.

ಠಾಣೆ

ಇಬ್ಬರು ಕಾವಲುಗಾರರೂ ನಮಗಿಂತ ಹೆಚ್ಚಾಗಿ ಒಬ್ಬರನ್ನೊಬ್ಬರು ಬೈದುಕೊಂಡರು. ಬಹುಶಃ ಹಳೆಯದೇನೋ ಇತ್ತು. ಕೊನೆಗೆ ನಮ್ಮನ್ನು ಕೆಳಗಿನ ಠಾಣೆಗೆ ಕರೆದೊಯ್ದರು. ಅಲ್ಲಿನ ಅಧಿಕಾರಿಗೆ ನನ್ನ ಹರಕುಮುರುಕು ಜರ್ಮನ್ ಭಾಷೆಯಲ್ಲಿ ಎಲ್ಲ ವಿವರಿಸಿದೆ. ದೇವರು, ಕಲ್ಲು, ನೀರು, ಸೋಮವಾರ ಎಂಬ ನಾಲ್ಕು ಮಾತು ಬರುತ್ತಿದ್ದವು, ಅವನ್ನೇ ಅದಲು ಬದಲು ಮಾಡಿದೆ. ಅವನು ಎಲ್ಲರನ್ನೂ ಕರೆದುಕೊಂಡು ಸ್ವತಃ ಬೆಟ್ಟ ಹತ್ತಿ ಬಂದು, ಒದ್ದೆ ಹುಲ್ಲಿನಲ್ಲಿ ಒತ್ತಿದ್ದ ಬರಿಗಾಲಿನ ಗುರುತುಗಳನ್ನು ಬಗ್ಗಿ ನೋಡಿದ. ಎಲ್ಲವೂ ಗೆರೆಯ ಈಚೆಗೇ. ಆಚೆಯಿಂದ ಈಚೆಗೆ ಬಂದದ್ದು ಬೂಟಿನ ಗುರುತು ಮಾತ್ರ. ಜರ್ಮನಿಯವನು ಆಕಾಶ ನೋಡಿದ.

ಗಡಿ ದಾಟಿಲ್ಲ, ಆದ್ದರಿಂದ ತಪ್ಪಿಲ್ಲ. ಆದರೆ ಕಲ್ಲನ್ನು ಒರೆಸಿ ಹೋಗಬೇಕು ಎಂದ ಅಧಿಕಾರಿ.

"ಹಚ್ಚಿದ ವಿಭೂತಿ ಒರೆಸೋದಾ? ನನ್ನ ಕೈಲಾಗಲ್ಲ. ಜೈಲಿಗೆ ಹಾಕ್ಲಿ!" ಎಂದು ನಾಗಪ್ಪನವರು ಕುಲುಮೆಯ ದನಿಯಲ್ಲಿ ಗುಡುಗಿದರು.

"ಒರೆಸಬೇಡಿ. ಇನ್ನೊಂದು ಸಲ ಅಭಿಷೇಕ ಮಾಡಿ," ಎಂದೆ ನಾನು.

ಅಧಿಕಾರಿಯೇ ಬಕೆಟ್ಟಿನಲ್ಲಿ ನೀರು ತರಿಸಿಕೊಟ್ಟ. ನಾಗಪ್ಪನವರು ಕಲ್ಲಿನ ಮೇಲೆ ಸಾವಕಾಶವಾಗಿ ನೀರೆರೆದರು. ವಿಭೂತಿ ಇಳಿಯಿತು, ಅಕ್ಷರ ಮೂಡಿತು, ಎಲ್ಲರಿಗೂ ಸಮಾಧಾನವಾಯಿತು. ಬಸ್ಸಿನಲ್ಲಿ ಹಿಂದಿರುಗುವಾಗ ಅದು ಗಡಿಕಲ್ಲೆಂದು ನಾನು ಹೇಳಿದೆ.

"ಆ ಬಕೆಟ್ಟು ತರಿಸ್ದಾಗಲೇ ಗೊತ್ತಾಯ್ತು," ಎಂದರು. "ಆದ್ರೆ ಪೂಜೆ ಮಾಡಿದ ಮೇಲೆ ಅದು ಬರೀ ಕಲ್ಲಾಗತ್ತಾ? ಒಂದು ನೋಡು, ನಾನು ಹುಟ್ಟಿದಾಗಿಂದ ಸೋಮಸೂತ್ರ ದಾಟಿದವನಲ್ಲ. ಪರದೇಶದಲ್ಲೂ ದಾಟಲಿಲ್ಲ. ಆ ಒಂದು ವಿಷಯದಲ್ಲಿ ನನ್ನ ಕಡೆ ಯಾರೂ ಬೆರಳು ಮಾಡೋ ಹಾಗಿಲ್ಲ."

ಮತ್ತೆ ಶಿವಮೊಗ್ಗ

ನಾನು ಈ ಸಂಗತಿಯನ್ನು ಹೆಂಡತಿಗೆ ಕಾಗದದಲ್ಲಿ ಬರೆದಿದ್ದೆ. ಅವಳು ಒಬ್ಬರಿಗೇ ಹೇಳಿದ್ದಳಂತೆ. ನಾವು ಊರಿಗೆ ಬಂದಿಳಿಯುವಷ್ಟರಲ್ಲಿ ನಾಗಪ್ಪನವರ ಮೇಲೆ ಗುಂಡು ಹಾರಿ, ಅದು ಕಿವಿಯ ಪಕ್ಕದಲ್ಲಿ ಹಾದು ಹೋಗಿಯಾಗಿತ್ತು. ಹೊಳೆಹೊನ್ನೂರಿನ ಸಂತೆಯಲ್ಲಿ ಅವರು ಸತ್ತೇಹೋಗಿದ್ದರು. ನಾವು ಕಲಿತು ಬಂದ ಉಕ್ಕಿನ ಕೆಲಸದ ಬಗ್ಗೆ ಯಾರೂ ಕೇಳಲಿಲ್ಲ.

ರಾಯರು ಹೇಳಿಕಳಿಸಿದರು. ಭಾನುವಾರ ಇಬ್ಬರೂ ಹೋದೆವು. ಜಗಲಿಯಲ್ಲಿ ಅವಲಕ್ಕಿ, ಕಾಫಿ. ರಾಯರ ಪಕ್ಕದಲ್ಲಿ ಕಾಲೇಜಿನ ಚರಿತ್ರೆ ಮೇಷ್ಟ್ರು. ಈ ಗಡಿ ಪ್ರಕರಣಕ್ಕೆ ವಿಶ್ವಕೋಶದಲ್ಲಿ ಜಾಗ ಕೊಡಬೇಕೆಂದು ರಾಯರ ಹಟ, ಕೂಡದೆಂದು ಮೇಷ್ಟ್ರ ಹಟ.

"ಸತ್ತವರೆಷ್ಟು ಜನ?" ಎಂದು ಮೇಷ್ಟ್ರು ನನ್ನನ್ನು ಕೇಳಿದರು.

"ಯಾರೂ ಇಲ್ಲ."

"ಗಾಯ ಆದವರು?"

"ನಾಗಪ್ಪನೋರ ಕಾಲಿಗೊಂದು ಮುಳ್ಳು ಚುಚ್ಚಿತ್ತು."

"ಕೇಳಿದಿರಾ?" ಎಂದು ಮೇಷ್ಟ್ರು ರಾಯರ ಕಡೆ ತಿರುಗಿದರು. "ಒಂದು ಹೆಣ ಇಲ್ಲದ ಮೇಲೆ ಅದು ಚರಿತ್ರೆ ಹೇಗಾಗತ್ತೆ ಸ್ವಾಮಿ?"

"ನಮ್ಮ ಜಿಲ್ಲೆಯವನಿಂದ ಎರಡು ದೇಶದ ಸಿಪಾಯಿಗಳು ಹೊಡೆದಾಡೋ ಹಂತಕ್ಕೆ ಬಂದಿದಾರೆ," ಎಂದರು ರಾಯರು. "ಪಕ್ಕದ ಜಿಲ್ಲೆಯವರು ಯಾರಾದ್ರೂ ಮಾಡಿದಾರಾ ತೋರ್ಸಿ!"

ನನಗೆ ತಾಳ್ಮೆ ತಪ್ಪಿತು. ಒಂದು ಇಡೀ ಊರು ಮುಳುಗಿದರೆ ನಿಮ್ಮ ಪುಸ್ತಕದಲ್ಲಿ ಒಂದು ಸಾಲಿಲ್ಲ, ಒಬ್ಬರು ಹುಲ್ಲಿನ ಮೇಲೆ ಬರಿಗಾಲಲ್ಲಿ ಓಡಾಡಿದರೆ ಅದಕ್ಕೆ ಇಷ್ಟು ವಾದವೇ ಎಂದು ಬಿರುಸಾಗಿಯೇ ಕೇಳಿದೆ. ಈ ಸಲ ಕಾಫಿ ಲೋಟ ಕೆಳಗಿಟ್ಟಿದ್ದೆ.

ರಾಯರು ಬೇಸರಿಸಿಕೊಳ್ಳಲಿಲ್ಲ. "ಊರಿನ ನಿಯಮ ಬೇರೆ, ಘಟನೆಯ ನಿಯಮ ಬೇರೆ," ಎಂದರು. "ಘಟನೆಗೆ ಜಾಗ ಸಿಕ್ಕಿದ್ರೆ ಪೂರ್ತಿ ವಿವರ ಕೊಡ್ತೀವಿ. ವ್ಯಕ್ತಿಯ ಹೆಸರು, ಪಕ್ಕದಲ್ಲಿ ಹುಟ್ಟಿದ ಊರು, ಮಾಡಿದ ಕೆಲಸ."

ಅವಲಕ್ಕಿಯ ತಟ್ಟೆಯಲ್ಲೇ ಕಣ್ಣಿಟ್ಟಿದ್ದ ನಾಗಪ್ಪನವರು ತಲೆಯೆತ್ತಿದರು.

"ಹುಟ್ಟಿದ ಊರಾ?"

"ಹೌದು. ಎಲ್ಲರಿಗೂ ಅದೇ ನಿಯಮ."

"ಬಿಳಿಮತ್ತೂರು ಅಂತ ಅಚ್ಚಾಗತ್ತಾ?"

"ಹುಟ್ಟಿದ್ದು ಅಲ್ಲೇ ಅಂದ ಮೇಲೆ ಅದನ್ನೇ ಹಾಕ್ಬೇಕು. ಇದೆಯೋ ಇಲ್ವೋ ಅನ್ನೋದು ಅಲ್ಲಿ ಪ್ರಶ್ನೆ ಅಲ್ಲ."

ನಾಗಪ್ಪನವರು ತಟ್ಟೆ ಪಕ್ಕಕ್ಕಿಟ್ಟು ನೆಟ್ಟಗೆ ಕೂತರು. ಮೇಷ್ಟ್ರು ಸೋಲುವ ಜಾತಿಯವರಲ್ಲ. ಕನ್ನಡಕ ಒರೆಸಿಕೊಂಡು ಕೊನೆಯ ಪ್ರಶ್ನೆ ತೆಗೆದರು.

"ಆಗಲಿ. ಆದರೆ ಗಡಿ ಪ್ರಕರಣ ಅಂದ ಮೇಲೆ ಗಡಿ ದಾಟಿರಬೇಕು. ದಾಟದೇ ಇದ್ರೆ ಅದು ವಾಯುವಿಹಾರ. ನೀವೇ ಹೇಳಿ ನಾಗಪ್ಪ, ಗೆರೆ ದಾಟಿದಿರೋ ಇಲ್ವೋ?"

ನಾನು ನಾಗಪ್ಪನವರ ಮುಖ ನೋಡಿದೆ. ದಾಟಲಿಲ್ಲ ಎಂಬುದು ನನಗೆ ಗೊತ್ತಿತ್ತು. ಆ ಗೆರೆ ಅವರ ಲೆಕ್ಕದಲ್ಲಿ ಗಡಿಯಲ್ಲ, ಸೋಮಸೂತ್ರ. ದಾಟಿದೆನೆಂದರೆ ಜನ್ಮವಿಡೀ ಕಾಪಾಡಿಕೊಂಡು ಬಂದದ್ದನ್ನು ನಾಲ್ಕು ಜನರ ಮುಂದೆ ತಾವೇ ಮುರಿದೆನೆಂದು ಒಪ್ಪಿಕೊಂಡಂತೆ. ದಾಟಲಿಲ್ಲವೆಂದರೆ ಊರಿನ ಹೆಸರು ನೀರಿನಡಿಯಲ್ಲೇ ಇರುತ್ತದೆ. ನಾನೇ ಏನಾದರೂ ಹೇಳಿಬಿಡೋಣವೆಂದು ಬಾಯಿ ತೆರೆದೆ. ನಾಗಪ್ಪನವರು ನನ್ನ ತೊಡೆಯ ಮೇಲೆ ಕೈಯಿಟ್ಟು ಅದುಮಿದರು.

"ದಾಟಿದೆ," ಎಂದರು.

"ಕಾಲಿಟ್ಟು?"

"ಕಾಲಿಟ್ಟೇ. ಬರಿಗಾಲಲ್ಲಿ. ಮೂರು ಸುತ್ತೂ ದಾಟಿದೆ. ಬರ್ಕೊಳ್ಳಿ. ಊರಿನ ಹೆಸರು ತಪ್ಪಿಲ್ಲದ ಹಾಗೆ ಬರೀರಿ, ಅಷ್ಟು ಸಾಕು."

ಮೇಷ್ಟ್ರು ಬರೆದುಕೊಂಡರು. ರಾಯರು ಗೆದ್ದ ಖುಷಿಯಲ್ಲಿ ಇನ್ನೊಂದು ಸುತ್ತು ಕಾಫಿ ತರಿಸಿದರು. ತಮ್ಮ ತಾತನ ಕೆಳಗೇ ಈ ಪ್ರಕರಣ ಬರುವಂತೆ ಪುಟ ಹೊಂದಿಸುತ್ತೇನೆಂದು ಮಾತು ಕೊಟ್ಟರು. ಅದನ್ನು ದೊಡ್ಡ ಗೌರವವೆಂದೇ ಅವರು ತಿಳಿದಿದ್ದರು.

ಭದ್ರಾವತಿಯ ಬಸ್ಸಿಗೆ ನಡೆದು ಹೋಗುವಾಗ ತಡೆಯದೆ ನಾಗಪ್ಪನವರನ್ನು ಕೇಳಿಬಿಟ್ಟೆ.

"ದಾಟದೇ ಇದ್ದದ್ದನ್ನ ದಾಟಿದೆ ಅಂದ್ರಲ್ಲ. ನಾಳೆ ಸೋಮವಾರ. ಗುಡೀಲಿ ಏನಂತ ಕೈ ಮುಗೀತೀರಿ?"

ನಾಗಪ್ಪನವರು ನಡೆಯುತ್ತಲೇ ಹೇಳಿದರು:

"ಶಿವ ಕೇಳಿದ್ರೆ ನಾನು ಹೇಳ್ಕೋತೀನಿ ಬಿಡು ಮಾರಾಯ. ಅವನೂ ಬಿಳಿಮತ್ತೂರಿನವನೇ."